ಸೆಲೆಕ್ಷನ್ ಕಮಿಟಿ ಮೀಟಿಂಗಲ್ಲಿ ಏನಾಯ್ತು ಅಂತ ಆರ್‌ಟಿಐ ಹಾಕಿ ತಿಳ್ಕೊಳ್ಳೋದು ಹೇಗೆ

ಅಸಿಸ್ಟೆಂಟ್ ಪ್ರೊಫೆಸರ್ ಪೋಸ್ಟಿಗೆ ಅರ್ಜಿ ಹಾಕಿ, ಇಂಟರ್‌ವ್ಯೂ ಕೊಟ್ಟು, ಕೊನೆಗೆ ಲಿಸ್ಟಲ್ಲಿ ಹೆಸರಿಲ್ಲ ಅಂದಾಗ ಎಲ್ಲರೂ ಕೇಳೋದು ಒಂದೇ, ಒಳಗೆ ಏನ್ ನಡೀತು? ಅಮೆರಿಕಾದಲ್ಲಿ ಸರ್ಕಾರಿ ಸಂಸ್ಥೆಗಳ ಮೀಟಿಂಗಿಗೆ ಜನ ಹೋಗಿ ಕೂರಬಹುದು ಅನ್ನೋ ಕಾನೂನುಗಳಿವೆ, ಫ್ಲೋರಿಡಾ ಇದಕ್ಕೆ ಫೇಮಸ್ಸು, ಆದ್ರೆ ಅಲ್ಲೂ 2022ರಲ್ಲಿ ಯೂನಿವರ್ಸಿಟಿ ಪ್ರೆಸಿಡೆಂಟ್ ಆಯ್ಕೆಯ ಹುಡುಕಾಟಾನ ಬಹುಪಾಲು ಮುಚ್ಚಿದ ಬಾಗಿಲ ಹಿಂದೆ ತಳ್ಳಿದ್ರು. ನಮ್ಮಲ್ಲಿ ಹೋಗಿ ಕೂರೋ ಹಕ್ಕೇ ಇಲ್ಲ. ಆದ್ರೆ ಮೀಟಿಂಗ್ ಮುಗಿದ ಮೇಲೆ ಉಳಿಯೋ ಕಾಗದ ಕೇಳೋ ಹಕ್ಕಿದೆ, ಮತ್ತು ಸರಿಯಾಗಿ ಕೇಳಿದ್ರೆ ಆ ಕಾಗದವೇ ಬೇಕಾದಷ್ಟು ಹೇಳುತ್ತೆ.

ಮೊದ್ಲು ಯಾರ ಹತ್ರ ಕೇಳ್ಬೇಕು ನೋಡ್ಕೊಳಿ. ಜ್ಞಾನಭಾರತಿಯ ಬೆಂಗಳೂರು ವಿವಿ, ಸೆಂಟ್ರಲ್ ಕಾಲೇಜಿನ ಬೆಂಗಳೂರು ನಗರ ವಿವಿ, ನೃಪತುಂಗ ವಿವಿ ಇವೆಲ್ಲ ರಾಜ್ಯದವು, ಆನ್‌ಲೈನ್ ಆದ್ರೆ ರಾಜ್ಯದ ಆರ್‌ಟಿಐ ಪೋರ್ಟಲ್, ಜಗಳ ಮುಂದೆ ಹೋದ್ರೆ ಕರ್ನಾಟಕ ಮಾಹಿತಿ ಆಯೋಗ. ಐಐಎಸ್‌ಸಿ, ಐಐಎಂ ಥರದವು ಕೇಂದ್ರದವು, ಅವುಗಳ ಪೋರ್ಟಲ್ ಬೇರೆ, ಆಯೋಗ ದೆಹಲಿಯಲ್ಲಿ. ಖಾಸಗಿ ಯೂನಿವರ್ಸಿಟಿ ಕಥೆ ಬೇರೇನೇ, ಅದು ಇಲ್ಲಿ ಬೇಡ.

ಅರ್ಜಿ ಬರೆಯೋ ಮುಂಚೆ ಯೂನಿವರ್ಸಿಟಿ ವೆಬ್‌ಸೈಟಲ್ಲಿ ಆರ್‌ಟಿಐ ಅಂತಿರೋ ಪೇಜ್ ತೆಗೀರಿ. 2005ರ ಆರ್‌ಟಿಐ ಕಾಯ್ದೆಯ ಸೆಕ್ಷನ್ 4(1)(ಬಿ)ಯ ಎಂಟನೇ ಬಾಬ್ತು ಪ್ರಕಾರ ತಮ್ಮಲ್ಲಿ ಯಾವ್ಯಾವ ಸಮಿತಿಗಳಿವೆ, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದ್ಯಾ, ನಡಾವಳಿ (ಮಿನಿಟ್ಸ್) ಜನಕ್ಕೆ ಸಿಗುತ್ತಾ ಅಂತ ಅವರೇ ಪ್ರಕಟಿಸಬೇಕು. ತುಂಬಾ ಕಡೆ ಈ ಕಾಲಂ ಖಾಲಿ ಇರುತ್ತೆ ಇಲ್ಲಾ ಯಾವ ಕಾಲದ್ದೋ ಪಿಡಿಎಫ್ ಇರುತ್ತೆ. ಇದ್ರೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ, ಇಲ್ಲದಿದ್ರೂ ತೆಗೆದಿಟ್ಕೊಳಿ, ಮೇಲ್ಮನವಿಗೆ ಉಪಯೋಗಕ್ಕೆ ಬರುತ್ತೆ. ಸಿಂಡಿಕೇಟ್ (ಯೂನಿವರ್ಸಿಟಿಯ ಆಡಳಿತ ಮಂಡಳಿ) ನಡಾವಳಿ ಅಲ್ಲೇ ಹಾಕಿದ್ರೆ ಇನ್ನೂ ಒಳ್ಳೇದು, ಅರ್ಧ ಕೆಲಸ ಆದಂಗೆ.

ಈಗ ಅರ್ಜಿ. ಎಲ್ಲರೂ ಮಾಡೋದೇನಂದ್ರೆ "ನನ್ನನ್ನ ಯಾಕೆ ಆಯ್ಕೆ ಮಾಡ್ಲಿಲ್ಲ" ಅಂತ ಎರಡು ಪುಟ ಬರೆಯೋದು. ಬೇಡ. ಯಾಕೆ ಅನ್ನೋದಕ್ಕೆ ಉತ್ತರ ಕಾಗದದಲ್ಲಿ ಇಲ್ಲ ಅಂದ್ರೆ ಅವರು ಹೊಸದಾಗಿ ಬರೆದು ಕೊಡಬೇಕಿಲ್ಲ, ಒಂದು ಸಾಲಿನ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತೆ ಅಷ್ಟೆ. ದಾಖಲೆ ಕೇಳಿ, ದಾಖಲೆಯ ಹೆಸರು ಹಿಡಿದು ಕೇಳಿ. ಯುಜಿಸಿ (ಯೂನಿವರ್ಸಿಟಿ ಧನಸಹಾಯ ಆಯೋಗ) 2018ರ ರೆಗ್ಯುಲೇಷನ್ ಒಂದ್ಸಲ ಓದಿದ್ರೆ ಯಾವ ಹೆಸರು ಅಂತ ಗೊತ್ತಾಗುತ್ತೆ. ಯೂನಿವರ್ಸಿಟಿ ಅಸಿಸ್ಟೆಂಟ್ ಪ್ರೊಫೆಸರ್ ಆಯ್ಕೆಗೆ ಕುಲಪತಿ ಅಧ್ಯಕ್ಷತೆ, ಮೂವರು ವಿಷಯ ತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು ಹೀಗೆ ಕಮಿಟಿ ಇರುತ್ತೆ, ಕೋರಂಗೆ, ಅಂದ್ರೆ ಸಭೆ ನಡೆಸೋಕೆ, ಕನಿಷ್ಠ 4 ಜನ ಬೇಕು, ಅದರಲ್ಲಿ 2 ಜನ ಹೊರಗಿನ ತಜ್ಞರು ಇರಲೇಬೇಕು. ನಡಾವಳಿ ಮತ್ತು ಅಂಕಪಟ್ಟಿ ಸಭೆಯ ದಿನವೇ ಬರೆದು ಎಲ್ಲ ಸದಸ್ಯರೂ ಸಹಿ ಹಾಕಬೇಕು ಅಂತಾನೂ ಇದೆ. ಹಾಗಾಗಿ ನಾನಾದ್ರೆ ಕೇಳೋದು ಇಷ್ಟು: ಇಂಥ ಅಧಿಸೂಚನೆಯ ಇಂಥ ಹುದ್ದೆಗೆ ಕಮಿಟಿ ರಚಿಸಿದ ಆದೇಶ, ಸಭೆ ದಿನದ ಹಾಜರಾತಿ ಹಾಳೆ, ಸಹಿ ಆದ ನಡಾವಳಿ, ಶಾರ್ಟ್‌ಲಿಸ್ಟ್ ಅಂಕಗಳ ಪಟ್ಟಿ, ನನ್ನ ಇಂಟರ್‌ವ್ಯೂ ಅಂಕಗಳ ವಿವರ, ರೋಸ್ಟರ್ ರಿಜಿಸ್ಟರಿನ (ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನೋ ಪುಸ್ತಕ) ಆ ಪುಟ, ಸಿಂಡಿಕೇಟ್ ಒಪ್ಪಿದ ನಿರ್ಣಯ. ಎಲ್ಲದರ ಮುಂದೆ "ದೃಢೀಕೃತ ನಕಲು" ಅಂತ ಸೇರಿಸಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ದಾಟಬಾರದು ಅಂತಿದೆ, ಆದ್ದರಿಂದ ಪೀಠಿಕೆ ಗೀಠಿಕೆ ಬಿಟ್ಟು ಕನ್ನಡದಲ್ಲೇ ಬರೀರಿ. ಕಾರಣ ಹೇಳಬೇಕಿಲ್ಲ, ಯಾರಾದ್ರೂ ಟೇಬಲ್ ಹತ್ರ "ಯಾಕ್ರೀ ಬೇಕು ನಿಮ್ಗೆ" ಅಂದ್ರೆ ಸೆಕ್ಷನ್ 6(2) ಅನ್ನಿ ಸಾಕು. ಫೀಸು 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಖುದ್ದಾಗಿ ಕೊಟ್ರೆ ಟಪಾಲು ಶಾಖೆಯಲ್ಲಿ ನಿಮ್ಮ ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳದೆ ಬರ್ಬೇಡಿ, ಅವರು ಉತ್ತರ ಕೊಡಬೇಕಾದ 30 ದಿನದ ಲೆಕ್ಕಕ್ಕೆ ಆ ಸೀಲೇ ನಿಮ್ಮ ಸಾಕ್ಷಿ. ಅವಧಿ ದಾಟಿದ್ರೆ ಮಾಹಿತಿ ಉಚಿತವಾಗಿ ಕೊಡಬೇಕು.

ಇನ್ನು ಸಿಗದೇ ಇರೋದು. ಇಂಟರ್‌ವ್ಯೂ ಬೋರ್ಡ್ ಸದಸ್ಯರ ಹೆಸರು ವಿಳಾಸ ಕೊಡಬೇಕಿಲ್ಲ ಅಂತ ಬಿಹಾರ ಲೋಕಸೇವಾ ಆಯೋಗದ ಕೇಸಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅವರ ಸುರಕ್ಷತೆಗೆ ತೊಂದ್ರೆ ಆಗಬಹುದು ಅಂತ, ಮಾಹಿತಿ ಕೊಡದಿರೋ ವಿನಾಯಿತಿಗಳ ಸೆಕ್ಷನ್ 8(1)(ಜಿ) ಅಡಿ. ಇದನ್ನ ಹಿಡ್ಕೊಂಡು ಹಾಜರಾತಿ ಹಾಳೆ ಪೂರ್ತಿ ಕೊಡಲ್ಲ ಅನ್ನೋರಿದ್ದಾರೆ. ಅದಕ್ಕೆ ಅರ್ಜಿಯಲ್ಲೇ "ಸೆಕ್ಷನ್ 10ರಂತೆ ಹೆಸರು ಮರೆಮಾಡಿ ಉಳಿದದ್ದು ಕೊಡಿ" ಅಂತ ಬರ್ದುಬಿಡಿ, ನಿಮಗೆ ಬೇಕಿರೋದು ಹೆಸರಲ್ಲ, ಹೊರಗಿನ ತಜ್ಞರು ಎಷ್ಟು ಜನ ಬಂದಿದ್ರು ಅನ್ನೋದು. ಕೋರಂ ಇಲ್ದೆ ಸಭೆ ನಡೆದಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಬೇರೆ ಅಭ್ಯರ್ಥಿಗಳ ಅಂಕ ಕೇಳಿದ್ರೆ ವೈಯಕ್ತಿಕ ಮಾಹಿತಿ ಅಂತ 8(1)(ಜೆ) ಬರುತ್ತೆ, 2025ರ ನವೆಂಬರ್‌ನಲ್ಲಿ ಡೇಟಾ ರಕ್ಷಣೆ ಕಾಯ್ದೆ ಮೂಲಕ ಈ ಸೆಕ್ಷನ್ ಇನ್ನೂ ಬಿಗಿ ಆಗಿದೆ, ನನ್ನ ಪ್ರಕಾರ ಇದು ಆರ್‌ಟಿಐಗೆ ಬಿದ್ದಿರೋ ದೊಡ್ಡ ಪೆಟ್ಟು. ಆದ್ರೆ 8(2) ಇನ್ನೂ ಇದೆ, ಸಾರ್ವಜನಿಕ ಹಿತ ದೊಡ್ಡದಾದ್ರೆ ಕೊಡಬಹುದು, ಸರ್ಕಾರಿ ಸಂಬಳದ ಹುದ್ದೆ ಅಂತ ಒಂದು ಸಾಲು ಹಾಕಿ. ಆಯ್ಕೆ ನಡೀತಿರುವಾಗ ಕೇಳಿದ್ರೆ "ಕಡತ ಪ್ರಕ್ರಿಯೆಯಲ್ಲಿದೆ" ಅಂತಾರೆ, ಅದರ ಬದ್ಲು ಸಿಂಡಿಕೇಟ್ ಒಪ್ಪಿಗೆ ಆದ ತಕ್ಷಣ ಹಾಕೋದು ಜಾಣತನ.

ಉತ್ತರ ಬರದಿದ್ರೆ ಅಥವಾ ಅರೆಬರೆ ಬಂದ್ರೆ 30 ದಿನದೊಳಗೆ ಅದೇ ಯೂನಿವರ್ಸಿಟಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ರೆ 90 ದಿನದೊಳಗೆ ಆಯೋಗಕ್ಕೆ, ರಾಜ್ಯದ್ದಾದ್ರೆ ವಿಧಾನಸೌಧದ ಹತ್ರದ ಮಾಹಿತಿ ಸೌಧ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕೋ ಅಧಿಕಾರ ಆಯೋಗಕ್ಕಿದೆ, ಹಾಕೇ ಹಾಕ್ತಾರೆ ಅಂತ ಕಾಯ್ಬೇಡಿ.

ಆಯೋಗದಲ್ಲಿ ವಿಚಾರಣೆ ಬರೋಕೆ ಟೈಮ್ ಹಿಡಿಯುತ್ತೆ, ಆದ್ರೆ ಆಯ್ಕೆಯನ್ನ ಹೈಕೋರ್ಟಲ್ಲಿ ಪ್ರಶ್ನೆ ಮಾಡೋ ಯೋಚನೆ ಇದ್ರೆ ಆರ್‌ಟಿಐ ಪೆಂಡಿಂಗ್ ಇತ್ತು ಅನ್ನೋದು ತಡ ಆಗಿದ್ದಕ್ಕೆ ಒಳ್ಳೆ ನೆಪ ಆಗಲ್ಲ. ಮೊದಲ ಹಿಂಬರಹ ಕೈಗೆ ಬಂದ ದಿನವೇ, ಅದು ನಿರಾಕರಣೆ ಆಗಿದ್ರೂ ಸರಿ, ಅಧಿಸೂಚನೆ, ಇಂಟರ್‌ವ್ಯೂ ಪತ್ರ, ಸೀಲು ಬಿದ್ದ ಅರ್ಜಿ ಸೇರಿಸಿ ಸರ್ವೀಸ್ ಮ್ಯಾಟರ್ (ನೌಕರಿ ಕೇಸು) ನೋಡೋ ವಕೀಲರಿಗೆ ತೋರ್ಸಿ, ಮೇಲ್ಮನವಿ ಪಾಡಿಗೆ ಅದು ನಡೀತಿರ್ಲಿ.