ಒಡೆಯುವ ಚರ್ಮಕ್ಕೆ ನೀರು ಮೊದಲು, ಜಿಡ್ಡು ಆಮೇಲೆ

ದೀಪಾವಳಿ ಕಳೆದು ಶಿರಸಿ, ಸಿದ್ದಾಪುರದ ಕಡೆ ಬೆಳಗಿನ ಚಳಿ ಶುರುವಾಯಿತೆಂದರೆ ಮೊಣಕಾಲಿನಿಂದ ಕೆಳಗಿನ ಚರ್ಮ ಬೂದಿ ಬಳಿದ ಹಾಗಾಗುತ್ತದೆ. ಉಗುರು ಎಳೆದರೆ ಬಿಳಿ ಗೆರೆ ಏಳುತ್ತದೆ. ಅದು ಮೀರಿದರೆ ಸಣ್ಣ ಬಿರುಕುಗಳು ಮೂಡಿ ಕೆಂಪಾಗಿ, ನೀರು ತಾಗಿದರೂ ಉರಿಯುತ್ತದೆ. ಕಾರವಾರದ ಹವೆಯಲ್ಲಿ ತೇವ ಹೆಚ್ಚು, ಅಲ್ಲಿ ಕಾಲು ಇಷ್ಟು ಒಣಗುವುದಿಲ್ಲ. ಆದರೆ ಮೀನು, ಮಂಜುಗಡ್ಡೆ, ಉಪ್ಪುನೀರಿನಲ್ಲಿ ಕೈಯಾಡಿಸುವವರ ಬೆರಳು ಅಲ್ಲೂ ಒಡೆಯುತ್ತದೆ. ನನ್ನ ಚರ್ಮವೂ ಬೇಗ ಒಣಗುವಂಥದ್ದೇ. ಅದನ್ನು ಹತೋಟಿಯಲ್ಲಿಟ್ಟಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಚರ್ಮದ ಹೊರಪದರ ಕೂದಲೆಳೆಗಿಂತಲೂ ತೆಳು. ಅದರ ಸತ್ತ ಕೋಶಗಳೊಳಗೆ ಯೂರಿಯಾ, ಲ್ಯಾಕ್ಟಿಕ್ ಆಮ್ಲದಂಥ ನೀರು ಹಿಡಿಯುವ ವಸ್ತುಗಳಿವೆ. ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಜಿಡ್ಡು ಇದೆ. ಸುಡುನೀರು, ಸೋಪು ಸೇರಿ ಇವೆರಡನ್ನೂ ತೊಳೆದುಬಿಡುತ್ತವೆ. ಆಗ ಒಳಗಿನ ನೀರು ತಡೆಯಿಲ್ಲದೆ ಆರಿಹೋಗುತ್ತದೆ. ಹಾಗಾಗಿ ನಾನು ಮೊದಲು ಸರಿಮಾಡುವುದು ಬಚ್ಚಲಮನೆಯನ್ನು, ಕ್ರೀಮಿನ ಮಾತು ಆಮೇಲೆ.

ಹಂಡೆಯ ನೀರು ಚಳಿಗೆ ಹಿತ, ಚರ್ಮಕ್ಕಲ್ಲ. ಮೊಣಕೈ ಅದ್ದಿದರೆ ಬೆಚ್ಚಗೆನಿಸಬೇಕು, ಬಿಸಿ ಎನಿಸಬಾರದು. ಸ್ನಾನ 5ರಿಂದ 10 ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಕೈಕಾಲಿಗೆ ಬರಿ ನೀರು. ಮಾಮೂಲಿ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 9–10, ಚರ್ಮದ್ದು ಸುಮಾರು 5. ಪಿಎಚ್ 5.5 ಎಂದು ಬರೆದಿರುವ, ವಾಸನೆ ಬೆರೆಸದ ಸಿಂಡೆಟ್ ಬಾರ್, ಅಂದರೆ ಕ್ಷಾರವಿಲ್ಲದ ಸೋಪಿನಂಥ ಬಿಲ್ಲೆ, ವಾಸಿ. ಹೀರೇಕಾಯಿ ನಾರನ್ನು ಒಣಚರ್ಮಕ್ಕೆ ತಾಗಿಸಲೇಬೇಡಿ. ಎಣ್ಣೆಸ್ನಾನ ತಪ್ಪಲ್ಲ, ಆದರೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಸುಡುನೀರು ಹೊಯ್ದರೆ ಹಚ್ಚಿದ್ದರ ಜೊತೆಗೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ಅದೇ ಎಣ್ಣೆಯನ್ನು ಸ್ನಾನದ ನಂತರ ಒದ್ದೆ ಮೈಗೆ ತೆಳ್ಳಗೆ ಹಚ್ಚುವುದೇ ಲೇಸು.

ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ, ಅಂದರೆ ಸುಮಾರು 3 ನಿಮಿಷದೊಳಗೆ ಹಚ್ಚಬೇಕು. ಪೂರ್ತಿ ಒಣಗಿದ ಕಾಲಿಗೆ ವ್ಯಾಸಲೀನ್ ಬಳಿದರೆ ಒಳಗೆ ಹಿಡಿದಿಡಲು ನೀರು ಕಡಿಮೆ ಇರುತ್ತದೆ. ಕೂದಲು ಮಲಗುವ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಸವರಿ. ಎದುರಾಗಿ ತಿಕ್ಕಿದರೆ ಕೂದಲ ಬುಡದಲ್ಲಿ ಗುಳ್ಳೆ ಏಳುತ್ತದೆ.

ಹೆಚ್ಚಿನವರು ಸೋಲುವುದು ಪ್ರಮಾಣದಲ್ಲಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಮ್. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಒಂದು ಕಾಲಿಗೆ ಇಂಥ 6, ಪಾದಕ್ಕೆ 2 ಅಳತೆ ಬೇಕು. ಎರಡೂ ಕಾಲಿಗೆ ಒಮ್ಮೆಗೆ 8 ಗ್ರಾಮ್, ದಿನಕ್ಕೆರಡು ಸಲವೆಂದರೆ 16 ಗ್ರಾಮ್. 50 ಗ್ರಾಮಿನ ಟ್ಯೂಬು ಮೂರು ದಿನಕ್ಕೆ ಮುಗಿಯಬೇಕು! ಅದನ್ನು ತಿಂಗಳು ಎಳೆದು, ಔಷಧ ನಾಟಲಿಲ್ಲ ಎಂದರೆ ಹೇಗೆ? ಆದ್ದರಿಂದ ಬೆಲೆಬಾಳುವ ಯೂರಿಯಾ ಕ್ರೀಮನ್ನು ದಪ್ಪಗಾದ ಜಾಗಕ್ಕೆ ಮಾತ್ರ ಇಟ್ಟುಕೊಂಡು, ಉಳಿದೆಡೆಗೆ ದೊಡ್ಡ ಡಬ್ಬಿಯ ವ್ಯಾಸಲೀನ್ ಬಳಸುತ್ತೇನೆ. ನೀರು ಆರದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ಅಗ್ಗದ ವಸ್ತು ಇಲ್ಲ. ಕರಾವಳಿಯ ಸೆಕೆಯಲ್ಲಿ ಮಾತ್ರ ಅಷ್ಟು ಜಿಡ್ಡು ಬೆವರುಸಾಲೆ ತರುತ್ತದೆ. ಅಲ್ಲಿ ಗ್ಲಿಸರಿನ್ ಇರುವ ಕ್ರೀಮು ಸಾಕು. ತೆಂಗಿನೆಣ್ಣೆ ಒಳ್ಳೆಯದೇ, ಆದರೆ ತೆಳು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಚರ್ಮದ ತಡೆಯನ್ನು ಇನ್ನಷ್ಟು ಸಡಿಲಿಸುತ್ತವೆ, ಬೇಡ.

ಹಿಮ್ಮಡಿಗೆ ಬೇರೆ ಕ್ರಮ. ರಾತ್ರಿ 10 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಲ್ಲಿನಿಂದ ಹಗುರವಾಗಿ ತಿಕ್ಕಿ, 20–25 ಶೇಕಡಾ ಯೂರಿಯಾ ಕ್ರೀಮು ಹಚ್ಚಿ, ಮೇಲೆ ವ್ಯಾಸಲೀನ್ ಇಲ್ಲವೇ ಮುರುಗಲ ತುಪ್ಪ (ಕೋಕಂ ಬೀಜದ ಜಿಡ್ಡು) ಸವರಿ ಹತ್ತಿಯ ಕಾಲುಚೀಲ ಹಾಕುವುದು. ಮುರುಗಲ ತುಪ್ಪ ಗಟ್ಟಿ. ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಮೆತ್ತಗಾದ ಮೇಲೆ ಹಚ್ಚಬೇಕು. ರಕ್ತ ಜಿನುಗುವ ಬಿರುಕಿಗೆ ಯೂರಿಯಾ ತಾಗಿದರೆ ಉರಿ ತಡೆಯಲಾಗದು. ಅದು ಕೂಡುವವರೆಗೆ ಬರಿ ವ್ಯಾಸಲೀನ್. ಬ್ಲೇಡಿನಲ್ಲಿ ಕೆತ್ತಬೇಡಿ. ಸಕ್ಕರೆ ಕಾಯಿಲೆ ಇದ್ದವರು ಕಾಲು ನೆನೆಸುವುದು ಬೇಡ, ಬೆರಳಸಂದಿಗೆ ಕ್ರೀಮೂ ಬೇಡ, ಬಿರುಕು ಕಂಡ ಕೂಡಲೇ ವೈದ್ಯರಿಗೆ ತೋರಿಸಬೇಕು.

ಅಡಿಕೆ ಸುಲಿಯುವವರ ಕೈಗೆ ಚೊಗರಿನ ಕಾಟ. ಅದರ ಟ್ಯಾನಿನ್ ಚರ್ಮವನ್ನು ಬಿಗಿಯುತ್ತದೆ, ಕಪ್ಪು ಹೋಗಲೆಂದು ಸೋಪು ಹಾಕಿ ತಿಕ್ಕಿದರೆ ಗೆಣ್ಣು ಒಡೆಯುತ್ತದೆ. ಮೆಟ್ಟುಕತ್ತಿಯ ಮುಂದೆ ಕೂರುವ ಮೊದಲು ಬೆರಳ ಹಿಂಬದಿ, ಉಗುರಿನ ಸುತ್ತ ವ್ಯಾಸಲೀನ್ ಸವರಿ, ಅಂಗೈಯನ್ನು ಮಾತ್ರ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಳ್ಳಬೇಕು. ಜಾರಿದರೆ ಕೈ ಕತ್ತಿಗೇ ಹೋಗುತ್ತದೆ. ಕಪ್ಪು ತಾನಾಗಿ ಹೋಗಲಿ, ಬಿಡಿ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗದ ಔಷಧಕ್ಕೆ ಮೈಲುತುತ್ತು, ಸುಣ್ಣ ಕಲಸುವಾಗ ಕೈಗವಸು ಬೇಕೇ ಬೇಕು. ಸುಣ್ಣದ ಕ್ಷಾರ ಸೋಪಿಗಿಂತ ಕ್ರೂರ.

ಇನ್ನೊಂದು ಎಚ್ಚರಿಕೆ: ವ್ಯಾಸಲೀನ್, ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಅದನ್ನು ಉಟ್ಟು ಹಂಡೆಯ ಒಲೆಗೆ ಕಟ್ಟಿಗೆ ಒಡ್ಡಬೇಡಿ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ.

ಎರಡು ವಾರ ತಪ್ಪದೆ ಮಾಡಿದರೆ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಅದು ಬರಿ ಒಣಚರ್ಮ ಅಲ್ಲದಿರಬಹುದು. ಅಂಚು ಎದ್ದು ದುಂಡಗೆ ಹರಡಿದರೆ ಹುಳುಕಡ್ಡಿ ಇರಬಹುದು; ಅದಕ್ಕೆ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಣ ಹಚ್ಚಿದರೆ ಒಳಗೊಳಗೇ ಹಬ್ಬುತ್ತದೆ. ಮನೆಯವರಿಗೆಲ್ಲ ರಾತ್ರಿ ತುರಿಕೆ ಹೆಚ್ಚಿದರೆ ಕಜ್ಜಿ ಇರಬಹುದು. ಮೈಯೆಲ್ಲ ಒಣಗಿ ಸುಸ್ತು, ತೂಕ ಏರುವುದು ಸೇರಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಿರುಕಿನಿಂದ ಕೀವು ಬಂದರೆ, ಸುತ್ತ ಕೆಂಪೇರಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.