ಮನೆಗೆ ಬೀಗ, ಹೆಗಲಿಗೆ ಬುತ್ತಿ: ಮೇ ತಿಂಗಳಲ್ಲಿ ನಮ್ಮ ಸೀಮೆಯಿಂದ ದೂರದೂರಿಗೆ ಹೊರಡುವ ಬಗೆ

ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದ ಬೀದಿಗಳು ಹನ್ನೊಂದು ಗಂಟೆಗೇ ಖಾಲಿ. ಬಿಸಿಲು 40 ಡಿಗ್ರಿ ದಾಟುತ್ತದೆ, ಮಕ್ಕಳಿಗೆ ಸೂಟಿ, ಮನೆಯಲ್ಲಿ ಕೂತರೆ ಕೂಲರ್ ಮುಂದೆ ಜಗಳ. ಹತ್ತು ಹನ್ನೆರಡು ದಿನ ಶಿಮ್ಲಾ ಕಡೆಗೋ ಡಾರ್ಜಿಲಿಂಗ್ ಕಡೆಗೋ ಹೋಗಿಬರೋಣ ಅಂತ ಮಾತು ಏಳುವುದೂ ಆಗಲೇ. ಆದರೆ ಇಂಥ ಪ್ರಯಾಣದ ದೊಡ್ಡ ಭಾರ ಬೀಳುವುದು ಅಡುಗೆಮನೆಯ ಮೇಲೆ. ಹೊರಡುವ ಹಿಂದಿನ ರಾತ್ರಿ ಹನ್ನೆರಡರ ತನಕ ಒಲೆ ಮುಂದೆ ನಿಂತವಳು ಗಾಡಿ ಹತ್ತಿದ ಕೂಡಲೇ ತಲೆನೋವು ಅಂತ ಮಲಗುತ್ತಾಳೆ. ಆ ರಾತ್ರಿಯ ಕೆಲಸವನ್ನು ಹದಿನೈದು ದಿನಕ್ಕೆ ಹಂಚುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಲೆಕ್ಕವೆಲ್ಲ ನಾಲ್ಕು ಜನರ ಮನೆಗೆ.

ಟಿಕೆಟ್ಟಿನ ತಾರೀಖು

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು, ಹಳೆಯ ಲೆಕ್ಕ ಹಿಡಿದು ಕೂರಬೇಡಿ. ಮೇ 10ಕ್ಕೆ ಹೊರಡುವ ಗಾಡಿಗೆ ಮಾರ್ಚ್ 11ರ ಬೆಳಿಗ್ಗೆ 8ಕ್ಕೆ ಕಿಟಕಿ ತೆರೆಯುತ್ತದೆ. ಸೂಟಿಯ ದಿನಗಳಲ್ಲಿ ದೆಹಲಿ ಕಡೆಯ ಗಾಡಿಗಳು ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇಲ್ಲಿ ನಮ್ಮವರು ಬೀಳುವ ಗುಂಡಿ ಒಂದಿದೆ. ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಸಂಜೆ ಹೊರಟು ರಾಯಚೂರಿಗೆ ಬರುವುದು ನಡುರಾತ್ರಿ ದಾಟಿದ ಮೇಲೆ. ಟಿಕೆಟ್ಟಿನಲ್ಲಿ ಮೇ 10 ಅಂತ ಇದ್ದರೆ ನೀವು ಸ್ಟೇಷನ್ನಿಗೆ ಹೋಗಬೇಕಾದ್ದು ಮೇ 9ರ ರಾತ್ರಿ ಊಟ ಮುಗಿಸಿ. 10ರ ರಾತ್ರಿ ಹೋದರೆ ನಿಮ್ಮ ಗಾಡಿ ಆಗಲೇ ಮಧ್ಯಪ್ರದೇಶದ ಕಡೆ ಇರುತ್ತದೆ. 60 ದಿನದ ಲೆಕ್ಕವನ್ನೂ ಗಾಡಿ ಮೊದಲ ನಿಲ್ದಾಣ ಬಿಡುವ ದಿನದಿಂದಲೇ ಹಿಡಿಯುತ್ತಾರೆ. ಹಾಗಾಗಿ ಈ ಗಾಡಿಗೆ ಕಿಟಕಿ ತೆರೆಯುವುದು ಮಾರ್ಚ್ 10ಕ್ಕೆ. ತತ್ಕಾಲ್‌ಗೂ ಇದೇ ಮಾತು: ಮೇ 9ಕ್ಕೆ ಹೊರಡುವ ಗಾಡಿಗೆ ಮೇ 8ರಂದು, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈಯಿಂದ ಆಧಾರ್ ಜೋಡಿಸಿದ ಐಆರ್‌ಸಿಟಿಸಿ (ರೈಲು ಟಿಕೆಟ್ಟಿನ ತಾಣ) ಖಾತೆಯೇ ಬೇಕು. ಅದನ್ನು ಏಪ್ರಿಲ್‌ನಲ್ಲೇ ಮಾಡಿಡಿ. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಒಟಿಪಿ ಕಾಯುತ್ತ ಕೂತರೆ ಸೀಟು ಸಿಗುವುದಿಲ್ಲ.

ಬಳ್ಳಾರಿಯವರು ಸುಮಾರು 50 ಕಿ.ಮೀ. ದೂರದ ಗುಂತಕಲ್ಲಿಗೆ ಹೋಗಿ ಹತ್ತುವುದಾದರೂ ಗಾಡಿ ಬರುವ ಹೊತ್ತು, ತಾರೀಖು ಎರಡನ್ನೂ ಎರಡು ಸಲ ನೋಡಿ. ಕೋಲ್ಕತ್ತಾ ದಿಕ್ಕಿಗೆ, ಅಂದರೆ ಡಾರ್ಜಿಲಿಂಗ್ ಕಡೆಗೆ ಹೋಗುವವರಿಗೆ ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಮೇಲೆಯೇ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಅದು ದಿನಾಲೂ ಓಡುವುದಿಲ್ಲ, ವಾರದ ದಿನ ನೋಡಿಕೊಂಡೇ ಸೂಟಿ ಬರೆಯಿರಿ.

ಅಜ್ಜ ಅಜ್ಜಿ ಜೊತೆಗಿದ್ದರೆ ಅವರಿಬ್ಬರ ಟಿಕೆಟ್ ಬೇರೆ ಮಾಡಿಸಿ. ಕೆಳಗಿನ ಬರ್ತಿನ ಕೋಟಾ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಉಂಟು. ಆದರೆ ಆರು ಜನರ ಒಂದೇ ಟಿಕೆಟ್ಟಿನಲ್ಲಿ ಅವರನ್ನು ಸೇರಿಸಿದರೆ ಅದು ಸಿಗುವುದಿಲ್ಲ. 5ರಿಂದ 12 ವರ್ಷದ ಮಕ್ಕಳಿಗೆ ಅರ್ಧ ದರ ಕೊಟ್ಟರೆ ಬರ್ತ್ ಇಲ್ಲ. ಮೂವತ್ತು ತಾಸಿನ ಹಾದಿಗೆ ಈ ಉಳಿತಾಯ ಬೇಡ. ಹತ್ತು ವರ್ಷದ ಹುಡುಗ ರಾತ್ರಿಯಿಡೀ ಪಕ್ಕೆಗೆ ಒದೆಯುತ್ತಾನೆ.

ರೊಟ್ಟಿ

ನಮ್ಮ ಸೀಮೆಯವರಿಗೆ ದೂರದ ಪ್ರಯಾಣ ಸುಲಭವಾಗಿರುವುದು ಕಡಕ್ ರೊಟ್ಟಿಯಿಂದ. ತಂಗಳಾಗುವುದಿಲ್ಲ, ಹಳಸುವುದಿಲ್ಲ, ಚೆನ್ನಾಗಿ ಒಣಗಿದ್ದರೆ ತಿಂಗಳು ಇಟ್ಟರೂ ಜಗ್ಗುವುದಿಲ್ಲ. ಹೋಗುವಾಗ ನಾಲ್ಕು ಊಟ, ಬರುವಾಗ ಎರಡು (ಬರುವಾಗ ಹೇಗೂ ಎಲ್ಲರೂ ಪ್ಲಾಟ್‌ಫಾರ್ಮಿನ ಪೂರಿಗೆ ಸೋಲುತ್ತಾರೆ), ಒಬ್ಬರಿಗೆ ಎರಡೂವರೆ ಅಂತ ಹಿಡಿದರೆ 60 ರೊಟ್ಟಿ. ಒಂದಕ್ಕೆ ಸುಮಾರು 40 ಗ್ರಾಂ ಜೋಳದ ಹಿಟ್ಟು, ಒಟ್ಟು ಎರಡೂವರೆ ಕಿಲೋ. ಹೊರಡುವ ಹತ್ತು ದಿನ ಮೊದಲು, ಬೆಳಗಿನ ಆರರಿಂದ ಒಂಬತ್ತರ ತಂಪಿನಲ್ಲಿ, ಎರಡು ದಿನ ಮೂವತ್ತು ಮೂವತ್ತು ಮಾಡಿ ಮುಗಿಸಿ.

ಹಿಟ್ಟು ಬೀಸಿಸಿ ವಾರದೊಳಗಿನದಿರಲಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ಎಸರು, ಚಿಟಿಕೆ ಉಪ್ಪು. ಎಸರು ಕುದಿ ಬಂದಾಗಲೇ ಹಿಟ್ಟಿನ ನಡುವೆ ಸುರಿದು ಸೌಟಿನಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಜಗ್ಗಿ ನಾದಬೇಕು. ಎರಡೆರಡು ರೊಟ್ಟಿಯಷ್ಟೇ ನಾದಿಕೊಳ್ಳಿ, ನಾದಿಟ್ಟ ಹಿಟ್ಟು ಆರಿದರೆ ಮತ್ತೆ ಬಿರಿಯುತ್ತದೆ. ಮೇಲೆ ಎಳ್ಳು ಉದುರಿಸಿ ಆದಷ್ಟು ತೆಳ್ಳಗೆ ಬಡಿಯಿರಿ.

ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲಿನ ಒಣಹಿಟ್ಟು ಒರೆಸಿ, ನೀರು ಆರುತ್ತಿದ್ದ ಹಾಗೆ ತಿರುವಿ. ಎರಡೂ ಕಡೆ ಬೆಂದ ಮೇಲೆ ಉರಿ ಸಣ್ಣಗೆ ಮಾಡಿ, ಬಟ್ಟೆಯ ಉಂಡೆಯಿಂದ ಅಂಚನ್ನು ಸುತ್ತಲೂ ಒತ್ತುತ್ತ ಬಿರುಸಾಗುವ ತನಕ ಇಡಿ. ಅವಸರದವರು ಬಿಡುವುದು ಈ ಹಂತವನ್ನೇ. ಹಂಚಿನಿಂದ ತೆಗೆದದ್ದನ್ನು ಒಂದರ ಮೇಲೊಂದು ಹೇರಬೇಡಿ, ಕೆಳಗಿನದರ ಹಬೆ ಮೇಲಿನದನ್ನು ಮೆತ್ತಗೆ ಮಾಡುತ್ತದೆ. ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಿ ಒಂದು ತಾಸು ಬಿಸಿಲಿಗಿಡಿ. ಆಮೇಲೆ ಒಂದನ್ನು ನಡುವೆ ಮುರಿದು ನೋಡಿ. ಟಕ್ಕನೆ ಮುರಿದರೆ ಆಯಿತು. ಸ್ವಲ್ಪ ಬಾಗಿ ಆಮೇಲೆ ಹರಿದರೆ ಒಳಗೆ ಪಸೆ ಇದೆ, ನಾಲ್ಕನೇ ದಿನಕ್ಕೆ ಬೂಸು ಬರುವುದು ಅಲ್ಲಿಂದಲೇ. ಮತ್ತೆ ಹಂಚಿಗೆ ಹಾಕಿ.

ಕಟ್ಟುವುದು ಹೀಗೆ: ರೊಟ್ಟಿಯಷ್ಟೇ ಅಗಲದ ಸ್ಟೀಲ್ ತಾಟು ಕೆಳಗೊಂದು ಮೇಲೊಂದು, ನಡುವೆ ಹದಿನೈದು ರೊಟ್ಟಿ, ಸುತ್ತ ದಪ್ಪ ಟವೆಲ್, ಗಂಟು. ಆ ತಾಟುಗಳೇ ಗಾಡಿಯಲ್ಲಿ ಊಟಕ್ಕೆ ಬರುತ್ತವೆ. ತಿನ್ನುವಾಗ ಕಡಕ್ ಬೇಡ ಅನ್ನುವವರಿಗೆ ರೊಟ್ಟಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಮುಚ್ಚಿಡಿ, ಮಡಿಸುವಷ್ಟು ಮೆತ್ತಗಾಗುತ್ತದೆ.

ಇಷ್ಟು ಮಾಡಲು ಬಿಡುವಿಲ್ಲವೇ? ಮನೆಯಲ್ಲೇ ರೊಟ್ಟಿ ಬಡಿದು ಮಾರುವವರು ನಮ್ಮ ಊರುಗಳಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕೊಂಡರೆ ಮಾನ ಹೋಗುವುದಿಲ್ಲ. ಮುರಿದು ನೋಡಿ ಕೊಳ್ಳಿ, ಅಷ್ಟೇ.

ಜೊತೆಗೆ ಏನು

ಶೇಂಗಾ ಚಟ್ನಿಪುಡಿಗೆ ಕಾಲು ಕಿಲೋ ಶೇಂಗಾ, ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಬ್ಯಾಡಗಿ ಖಾರ, ಒಂದು ಚಮಚ ಜೀರಿಗೆ, ಉಪ್ಪು, ಚೂರು ಬೆಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತಿಕ್ಕಿ, ಪೂರ್ತಿ ಆರಿದ ಮೇಲೆಯೇ ಕುಟ್ಟಿ. ಬಿಸಿಯಿದ್ದಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಳ್ಳುಳ್ಳಿ ಹಸಿಯಾಗಿ ಹಾಕಿದರೆ ರುಚಿ ಹೆಚ್ಚು, ಬಾಳಿಕೆ ಕಡಿಮೆ. ಪ್ರಯಾಣಕ್ಕಾದರೆ ಹನಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ ಹಾಕಿ. ಗುರೆಳ್ಳು ಅಥವಾ ಅಗಸಿ ಪುಡಿ ಇನ್ನೊಂದು ಡಬ್ಬಿ. ಈ ಪುಡಿಗಳಿಗೆ ಹಸಿ ಕೊಬ್ಬರಿ ಸೇರಿಸಬೇಡಿ, ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಕಮಟು.

ಗಾಡಿ ಹತ್ತಿದ ಮೊದಲ ದಿನಕ್ಕೆ ಮೊಸರನ್ನದ ಒಂದು ಉಪಾಯ: ಅನ್ನವನ್ನು ಮೆತ್ತಗೆ ಮಾಡಿ, ಕಾಸಿ ಆರಿಸಿದ ಹಾಲಿನಲ್ಲಿ ತೆಳ್ಳಗೆ ಕಲಸಿ, ಒಂದು ಚಮಚ ಮೊಸರು ಬೆರೆಸಿ ಡಬ್ಬಿ ಮುಚ್ಚಿ. ಐದಾರು ತಾಸಿಗೆ ಅದೇ ಹೆಪ್ಪುಗಟ್ಟಿ ಹುಳಿಯಿಲ್ಲದ ಮೊಸರನ್ನ ಆಗಿರುತ್ತದೆ. ಮೊದಲೇ ಮೊಸರು ಕಲಸಿದರೆ ಅಷ್ಟು ಹೊತ್ತಿಗೆ ಬಾಯಿಗಿಡಲಾಗದಷ್ಟು ಹುಳಿ. ಉಪ್ಪನ್ನು ತಿನ್ನುವಾಗ ಹಾಕಿಕೊಳ್ಳಿ. ಉಳ್ಳಾಗಡ್ಡಿ ಹಾಕಿದ ಚಿತ್ರಾನ್ನ, ಬೇಳೆ ಪಲ್ಯ ಬೇಡವೇ ಬೇಡ.

ಚೀಲ

ತಲೆಗೊಂದು ಹೆಗಲ ಚೀಲ, ಊಟದ್ದು ಒಂದು. ದೊಡ್ಡ ಸೂಟ್‌ಕೇಸ್ ತಂದರೆ ಅದನ್ನು ಎಳೆಯುವವರು ಯಾರು ಅನ್ನುವುದೇ ದಿನಾ ಬೆಳಗಿನ ಜಗಳ. 1903ರಲ್ಲಿ ಶುರುವಾದ ಕಾಲ್ಕಾ–ಶಿಮ್ಲಾ ಗಾಡಿಯ ಹಳಿ ಎರಡೂವರೆ ಅಡಿ ಅಗಲದ್ದು. 96 ಕಿ.ಮೀ. ಹತ್ತಲು ಐದು ತಾಸಿನ ಮೇಲೆ ಬೇಕು, ಬೋಗಿ ಅಷ್ಟೇ ಕಿರಿದು. ಅಲ್ಲಿ ಸೂಟ್‌ಕೇಸ್ ಇಟ್ಟರೆ ಕಾಲಿಡಲು ಜಾಗ ಇರುವುದಿಲ್ಲ.

ಮೈಮೇಲೊಂದು, ಚೀಲದಲ್ಲಿ ಮೂರು ಜೊತೆ ಬಟ್ಟೆ ಸಾಕು. ನಮ್ಮಲ್ಲಿ ಒಗೆದದ್ದು ಒಂದು ತಾಸಿಗೆ ಒಣಗುತ್ತದೆ ಅಂತ ಶಿಮ್ಲಾದಲ್ಲಿ ಜೀನ್ಸ್ ಒಗೆದರೆ ಎರಡು ದಿನ ಒದ್ದೆ. ಅದು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಮೇಲಿದೆ. ಮೇ ತಿಂಗಳಲ್ಲೂ ರಾತ್ರಿ ಸ್ವೆಟರ್ ಬೇಕು, ಮಳೆ ಬಂದರೆ ಹಗಲಿಗೂ. ಗುಡ್ಡದ ಮೇಲೆ ಒಳಬಟ್ಟೆ, ಕಾಲುಚೀಲ ಮಾತ್ರ ಒಗೆಯಿರಿ, ಉಳಿದದ್ದನ್ನು ಕೆಳಗಿಳಿದ ಮೇಲೆ. ಸ್ವೆಟರನ್ನು ಕಪಾಟಿನಿಂದ ತೆಗೆದು ಹಾಗೇ ತುರುಕಬೇಡಿ. ವರ್ಷಗಟ್ಟಲೆ ನುಸಿಗುಳಿಗೆ ಜೊತೆ ಇದ್ದದ್ದು, ಒಂದು ದಿನ ಗಾಳಿಗೆ ಹಾಕಿ.

ಬೀಗ ಹಾಕುವ ಮುಂಚೆ

ಗಿಡಗಳದ್ದು ಎರಡು ದಿನ ಮೊದಲೇ ಪರೀಕ್ಷೆ ಮಾಡಬೇಕಾದ ಕೆಲಸ. ಕುಂಡಗಳನ್ನೆಲ್ಲ ಮಾಳಿಗೆಯಿಂದ ಇಳಿಸಿ ನೆರಳಲ್ಲಿ ಒತ್ತೊತ್ತಾಗಿ ಇಡಿ. ನಡುವೆ ಇಟ್ಟಿಗೆಯ ಮೇಲೆ ಒಂದು ಬಕೆಟ್ ನೀರು, ಬಕೆಟ್ ಕುಂಡಕ್ಕಿಂತ ಮೇಲೆ ಇರಬೇಕು. ಹಳೆಯ ಹತ್ತಿ ಪಂಚೆಯನ್ನು ಎರಡು ಬೆರಳಗಲ ಸೀಳಿ, ಪೂರ್ತಿ ತೋಯಿಸಿ, ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ಕುಂಡದ ಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ. ಒಣ ಬತ್ತಿ ನೀರು ಎಳೆಯಲು ತಡಮಾಡುತ್ತದೆ. ಬಿಸಿಲು ತಗುಲಿದ ಬತ್ತಿ ನಡುವೆಯೇ ಒಣಗಿ ನಿಲ್ಲುತ್ತದೆ. ಪಾಲಿಯೆಸ್ಟರ್‌ಗಿಂತ ಹತ್ತಿ ಬಟ್ಟೆಯೇ ವಾಸಿ. ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಎಂಟು ಹತ್ತು ದಿನ ಸಾಕು. ಅದೇ ಕಾರಣಕ್ಕೆ ಟಾಕಿಯ ಮುಚ್ಚಳ ಭದ್ರ ಮಾಡಿ. ಅಂಗಳದ ಹಂಡೆ, ದನದ ಬಾನಿ ಖಾಲಿ ಮಾಡಿ ಬೋರಲು ಹಾಕಿ.

ಕೂಲರ್‌ನ ನೀರು ಬಿಟ್ಟು, ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಒಂದು ತಾಸು ಓಡಿಸಿ ಹುಲ್ಲಿನ ಪ್ಯಾಡ್ ಒಣಗಿಸಿ. ಒದ್ದೆ ಬಿಟ್ಟು ಹೋದರೆ ವಾಪಸು ಬಂದಾಗ ಮನೆ ತುಂಬ ಕೊಳೆತ ಹುಲ್ಲಿನ ನಾತ. ಫ್ರಿಜ್ ಖಾಲಿ ಮಾಡಿ, ಆಫ್ ಮಾಡಿ, ಒಣಬಟ್ಟೆಯಲ್ಲಿ ಒರೆಸಿ ಬಾಗಿಲಿಗೆ ಟವೆಲ್ ಸಿಕ್ಕಿಸಿ ತೆರೆದೇ ಇಡಿ. ಚಾಲೂ ಇಟ್ಟು ಹೋಗುವುದಕ್ಕಿಂತ ಇದು ವಾಸಿ, ಏಕೆಂದರೆ ಮೇ ತಿಂಗಳ ಅಡ್ಡಮಳೆ ಗಾಳಿಗೆ ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೋ ತಿಳಿಯದು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಗುರುತಿನ ತನಕ ತುಂಬಿಸಿ, ನಲ್ಲಿ ನೀರಲ್ಲ. ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರ್‌ಗೆ ಮುಚ್ಚಳ ಹಾಕಿ.

ಕೀಲಿಯೊಂದನ್ನು ಪಕ್ಕದ ಮನೆಗೆ ಕೊಡುವಾಗ "ಮನಿ ಕಡೆ ನೋಡ್ತಿರ್ರಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಅಕ್ಕಾ, ನಳ ಬಂದ ದಿನ ಟಾಕಿ ತುಂಬಿಸಿ ವಾಲ್ ತಿರುವ್ರಿ, ತುಳಸಿಗೆ ಒಂದ್ ತಂಬಿಗಿ ನೀರ್ ಹಾಕ್ರಿ" ಅಂತ ಬಿಡಿಸಿ ಹೇಳಿ. ಬಕೆಟ್ಟಿನ ನೀರು ಇಳಿದಿದ್ದರೆ ತುಂಬಿಸಲೂ ಹೇಳಿ.

ಗಾಡಿಯಲ್ಲಿ

ಸೊಲ್ಲಾಪುರ ದಾಟಿದ ಮೇಲೆ ಹಗಲಿಡೀ ಬಿಸಿಗಾಳಿ. ಸ್ಲೀಪರ್‌ನಲ್ಲಾದರೆ ಸ್ಟೀಲ್ ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಕಿಟಕಿಯ ಒಳಗಡೆ ಗಾಳಿಗೆ ತೂಗುಬಿಡಿ. ಒಣಗಾಳಿಗೆ ಬಟ್ಟೆ ಆರುತ್ತ ನೀರನ್ನು ತಂಪಾಗಿಸುತ್ತದೆ, ಅರ್ಧ ತಾಸಿಗೊಮ್ಮೆ ತೋಯಿಸುತ್ತಿರಿ. ದೊಡ್ಡವರಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು ಬೇಕು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅನ್ನುವುದನ್ನು ನಂಬಬೇಡಿ, ಅದನ್ನು ರೊಟ್ಟಿ ಜೊತೆ ಕಡಿಯಿರಿ.

ಮಗುವಿಗೆ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಪುಡಿ ಚೀಲದಲ್ಲಿರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರ ಮಾಡಿ ತುಂಬಿಸಬೇಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಉಚ್ಚೆ ನಿಂತರೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಡಾಕ್ಟರು ಬೇಕೆಂದು ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ವಾಪಸು ಬಂದ ದಿನ

ಬಾಗಿಲು ತೆಗೆದ ಕೂಡಲೇ ಲೈಟ್ ಸ್ವಿಚ್ ಮುಟ್ಟಬೇಡಿ. ಮೊದಲು ಕಿಟಕಿಗಳು, ಆಮೇಲೆ ಮೂಸಿ ನೋಡಿ, ಗ್ಯಾಸಿನ ವಾಸನೆ ಇಲ್ಲದಿದ್ದರೆ ಸ್ವಿಚ್. ನಲ್ಲಿಯಲ್ಲಿ ಮೊದಲ ಬಕೆಟ್ ಬಿಸಿಲಿಗೆ ಕಾದ ಪೈಪಿನ ನೀರು, ಬಣ್ಣವೂ ಮಣ್ಣು ಮಣ್ಣು. ಅದನ್ನು ಗಿಡಕ್ಕೂ ಆರಿಸಿಯೇ ಹಾಕಿ. ಬಕೆಟ್ಟಿನ ಬತ್ತಿ ಬಿಚ್ಚುವಾಗ ತಳದಲ್ಲಿ ಹುಳ ಆಡುತ್ತಿದ್ದರೆ ಆ ನೀರನ್ನು ಮೋರಿಗೆ ಚೆಲ್ಲದೆ ಬಿಸಿಲಿನ ಒಣನೆಲಕ್ಕೆ ಚೆಲ್ಲಿ, ಮೋರಿಯಲ್ಲಿ ಅವು ಬದುಕಿಕೊಳ್ಳುತ್ತವೆ. ಆ ರಾತ್ರಿ ಒಲೆ ಹೊತ್ತಿಸುವ ಅಗತ್ಯ ಇಲ್ಲ: ಗಂಟಿನಲ್ಲಿ ಉಳಿದ ಐದಾರು ರೊಟ್ಟಿ, ಡಬ್ಬಿಯ ತಳದ ಶೇಂಗಾ ಪುಡಿ, ಪಕ್ಕದ ಮನೆಯಿಂದ ಒಂದು ಲೋಟ ಮೊಸರು.