ಮಗುವಿನ ಓದು ಎಲ್ಲಿ ನಿಂತಿದೆ? ಮನೆಯಲ್ಲೇ ಪತ್ತೆ ಹಚ್ಚಿ ಶಾಲೆಗೆ ಒಯ್ಯುವ ಬಗೆ

ಪ್ರಗತಿ ಪತ್ರದಲ್ಲಿ ಎ ಶ್ರೇಣಿ ಇರುತ್ತದೆ, ಆದರೆ ಮಗು ಬಸ್ಸಿನ ಬೋರ್ಡು ಓದಲು ತಡವರಿಸುತ್ತದೆ. ಇದು ಒಂದೆರಡು ಮನೆಯ ಮಾತಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆ ನೋಡಿ: 2ನೇ ತರಗತಿ ಮಟ್ಟದ ಪಠ್ಯವನ್ನು ಓದಬಲ್ಲ 3ನೇ ತರಗತಿ ಮಕ್ಕಳು 2018ರಲ್ಲಿ ಶೇ 27.3, 2022ರಲ್ಲಿ ಶೇ 20.5, 2024ರಲ್ಲಿ ಶೇ 27.1. ಕೋವಿಡ್ ಕಾಲದ ಪೆಟ್ಟಿನಿಂದ ಚೇತರಿಸಿಕೊಂಡೆವು ನಿಜ, ಆದರೆ ತಲುಪಿದ್ದು ಹಳೆಯ ಜಾಗಕ್ಕೇ.

‘ಈ ಶಾಲೆಯಲ್ಲಿ ಏನೂ ಕಲಿಸಲ್ಲ’ ಎಂದು ಹೇಳಿದರೆ ಯಾವ ಶಿಕ್ಷಕರೂ ಅದಕ್ಕೆ ಉತ್ತರ ಕೊಡಲಾರರು. ‘ಒತ್ತಕ್ಷರ ಬಂದ ಕಡೆಯೆಲ್ಲ ನನ್ನ ಮಗಳು ನಿಲ್ಲುತ್ತಾಳೆ, ದೀರ್ಘ ಸರಿಯಾಗಿ ಬರುತ್ತಿದೆ’ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಆದ್ದರಿಂದ ಮೊದಲ ಕೆಲಸ ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವುದು. ಅದಕ್ಕೆ ಬೇಕಾಗುವುದು ಒಂದು ಸಂಜೆಯ ಅರ್ಧ ಗಂಟೆ, ಒಂದು ಹಾಳೆ, ಒಂದು ಪೆನ್ನು.

ಓದಿಸಿ ನೋಡುವುದು

ಈ ವರ್ಷದ ಪಠ್ಯಪುಸ್ತಕ ಬೇಡ. ತರಗತಿಯಲ್ಲಿ ಹತ್ತಾರು ಸಲ ಒಕ್ಕೊರಲಿನಿಂದ ಓದಿದ ಪಾಠ ಬಾಯಿಗೆ ಬಂದಿರುತ್ತದೆ. ಒಂದು ಅಥವಾ ಎರಡು ತರಗತಿ ಕೆಳಗಿನ, ಮಗು ನೋಡಿರದ ಯಾವುದಾದರೂ ಕಥೆ ತೆಗೆದುಕೊಳ್ಳಿ. ಮಕ್ಕಳ ಪತ್ರಿಕೆಯ ಎಂಟು–ಹತ್ತು ಸಾಲು ಆದರೂ ಸಾಕು. ಬೆರಳಿಟ್ಟು ಓದಲು ಹೇಳಿ, ನೀವು ಆ ಬೆರಳನ್ನೇ ನೋಡಿ. ನಿಜವಾಗಿ ಓದುವ ಮಗುವಿನ ಬೆರಳು, ದನಿ ಒಟ್ಟಿಗೆ ಹೋಗುತ್ತವೆ. ಕಂಠಪಾಠ ಒಪ್ಪಿಸುವ ಮಗುವಿನ ದನಿ ಸಾಲಿನ ಕೊನೆ ಮುಟ್ಟಿದಾಗ ಬೆರಳು ಇನ್ನೂ ನಡುವೆ ಇರುತ್ತದೆ. ಅನುಮಾನ ಬಂದರೆ ಸಾಲಿನ ನಡುವಿನ ಒಂದು ಪದವನ್ನು ಮಾತ್ರ ತೋರಿಸಿ ಕೇಳಿ, ಅಥವಾ ಕೊನೆಯ ಪದದಿಂದ ಹಿಂದಕ್ಕೆ ಓದಿಸಿ.

ಕಥೆ ಓದಲಾಗದಿದ್ದರೆ ನಾಲ್ಕು ಸುಲಭ ವಾಕ್ಯ, ಅದೂ ಆಗದಿದ್ದರೆ ಬಿಡಿ ಪದ, ಕೊನೆಗೆ ಬಿಡಿ ಅಕ್ಷರ. ಹೀಗೆ ಮೆಟ್ಟಿಲು ಇಳಿಯುತ್ತಾ ಹೋಗಿ. ಎಲ್ಲಿ ತಡೆಯಿಲ್ಲದೆ ಓದುತ್ತದೋ ಅದೇ ಮಗುವಿನ ಮಟ್ಟ. ತಪ್ಪುಗಳನ್ನು ಆಗಲೇ ತಿದ್ದಬೇಡಿ, ಹಾಳೆಯಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ತಪ್ಪುಗಳು ಮುಖ್ಯವಾಗಿ ಮೂರು ಕಡೆ ಗುಂಪುಗೂಡುತ್ತವೆ: ಕಾಗುಣಿತದ ಹ್ರಸ್ವ–ದೀರ್ಘ (‘ಕೊನೆ’ಗೆ ‘ಕೋನೆ’), ಒತ್ತಕ್ಷರ (‘ಪುಸ್ತಕ’ಕ್ಕೆ ‘ಪುಸಕ’), ಅರ್ಕಾವತ್ತು (‘ಸೂರ್ಯ’). ಮೂರಕ್ಕೂ ಮದ್ದು ಬೇರೆ ಬೇರೆ. ‘ಓದಲ್ಲ’ ಎಂದು ಒಟ್ಟಾಗಿ ಹೇಳಿದರೆ ಮದ್ದು ಸಿಗುವುದಿಲ್ಲ.

ಓದಿದ ಮೇಲೆ ಪುಸ್ತಕ ಮುಚ್ಚಿ, ಏನಾಯಿತು ಎಂದು ಮನೆಮಾತಿನಲ್ಲಿ ಹೇಳಿಸಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ಪುಟವಿಡೀ ಸರಾಗವಾಗಿ ಓದಿ, ಒಂದು ವಾಕ್ಯದ ಅರ್ಥವನ್ನೂ ಹೇಳಲಾಗದ ಮಕ್ಕಳು ತುಂಬ. ಆ ಸರಾಗ ಓದು ಕೇಳಿ ಪೋಷಕರು ನಿಶ್ಚಿಂತರಾಗಿರುತ್ತಾರೆ, 6ನೇ ತರಗತಿಯ ವಿಜ್ಞಾನ ಬಂದಾಗ ಒಮ್ಮೆಲೇ ಕುಸಿತ ಕಾಣುತ್ತದೆ.

ನಿಮಗೇ ಓದು ಬರೆಹ ಬಾರದಿದ್ದರೂ ಇದನ್ನು ಮಾಡಬಹುದು. ಬೆರಳು ನೋಡುವುದಕ್ಕೆ, ತಡವರಿಕೆ ಕೇಳುವುದಕ್ಕೆ, ಕಥೆ ಹೇಳಿಸುವುದಕ್ಕೆ ಅಕ್ಷರ ಬೇಕಿಲ್ಲ.

ಇನ್ನೊಂದು ಮಾತು, ಸರ್ಕಾರಿ ಶಾಲೆಯ 1ನೇ ತರಗತಿಯವರಿಗೆ. ಮಗುವಿಗೆ ‘ಅ ಆ ಇ ಈ’ ಸಾಲಾಗಿ ಬರಲಿಲ್ಲವೆಂದು ಗಾಬರಿ ಬೀಳಬೇಡಿ. ಸರ್ಕಾರಿ ಶಾಲೆಯ ಆರಂಭದ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಅಕ್ಷರಗಳು ‘ರ ಗ ಸ ದ ಅ’, ಆಮೇಲೆ ‘ಜ ವ ಮ ಬ ನ’ ಎಂದು ಬರುತ್ತವೆ. ಮೊದಲ ಐದು ಕಲಿತ ಮಗು ‘ಅರಸ’, ‘ಗರಗಸ’ ಎಂದು ಆಗಲೇ ಪದ ಓದುತ್ತದೆ. ಮನೆಯಲ್ಲಿ ವರ್ಣಮಾಲೆಯನ್ನೇ ಉರು ಹೊಡೆಸಿದರೆ ಎರಡೂ ಕ್ರಮ ಕಲಸಿಹೋಗುತ್ತವೆ.

ಲೆಕ್ಕ ಮತ್ತು ನೋಟ್‌ಬುಕ್

3ನೇ ತರಗತಿ ದಾಟಿದ ಮಗುವಿಗೆ ಎರಡೇ ಲೆಕ್ಕ ಕೊಡಿ. 52ರಲ್ಲಿ 37 ಕಳೆ. ಉತ್ತರ 25 ಬಂದರೆ ಮಗು 7ರಲ್ಲಿ 2 ಕಳೆದಿದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದಷ್ಟೇ ಗೊತ್ತು, ದಶಕ ಬಿಡಿಸುವುದು ಗೊತ್ತಿಲ್ಲ. ಇದು ಅಜಾಗರೂಕತೆಯಲ್ಲ, ಬೈದರೆ ಹೋಗುವುದಿಲ್ಲ. ಪೊರಕೆ ಕಡ್ಡಿ ಮುರಿದು ಹತ್ತತ್ತರ ಐದು ಕಟ್ಟು, ಬಿಡಿ ಎರಡು ಇಡಿ. ಏಳು ಬಿಡಿ ಕಡ್ಡಿ ಕೊಡು ಎನ್ನಿ. ಕೈಯಲ್ಲಿ ಇರುವುದು ಎರಡೇ, ಆದ್ದರಿಂದ ಮಗು ತಾನಾಗಿ ಒಂದು ಕಟ್ಟು ಬಿಚ್ಚುತ್ತದೆ. ಈಗ ಹನ್ನೆರಡು ಬಿಡಿ, ನಾಲ್ಕು ಕಟ್ಟು. ಏಳು ಬಿಡಿ, ಮೂರು ಕಟ್ಟು ಕೊಟ್ಟ ಮೇಲೆ ಉಳಿದದ್ದು 15. ಇಂಥ ಆರೇಳು ಲೆಕ್ಕವನ್ನು ಕಡ್ಡಿಯಲ್ಲಿ ಮಾಡಿದ ನಂತರವೇ ಹಾಳೆಗೆ ಬನ್ನಿ.

5ನೇ ತರಗತಿಯವರಿಗೆ 412 ಭಾಗಿಸು 4. ಉತ್ತರ 13 ಬಂದರೆ ನಡುವಿನ ಸೊನ್ನೆ ಬಿಟ್ಟುಹೋಗಿದೆ. 13ನ್ನು 4ರಿಂದ ಗುಣಿಸಿ ತಾಳೆ ನೋಡು ಎನ್ನಿ, 52 ಕಂಡಾಗ ತಪ್ಪು ಮಗುವಿಗೇ ಗೊತ್ತಾಗುತ್ತದೆ.

ಬ್ಯಾಗಿನಿಂದ ಎರಡು ನೋಟ್‌ಬುಕ್ ತೆಗೆಯಿರಿ. ದಿನಾಂಕಗಳ ನಡುವೆ ವಾರಗಟ್ಟಲೆ ಅಂತರವಿದೆಯೇ? ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರ ಬಿಟ್ಟು ಮಗು ಸ್ವಂತವಾಗಿ ಬರೆದ ನಾಲ್ಕು ವಾಕ್ಯ ಎಲ್ಲಾದರೂ ಇದೆಯೇ? ತಪ್ಪು ಬರೆದ ಪುಟಕ್ಕೂ ಕೆಂಪು ಶಾಯಿಯ ಸರಿ ಗುರುತು ಬಿದ್ದಿದೆಯೇ? ಕಂಡದ್ದನ್ನು ದಿನಾಂಕ ಸಮೇತ ಹಾಳೆಗೆ ಸೇರಿಸಿ.

ದಿನಕ್ಕೆ ಇಪ್ಪತ್ತು ನಿಮಿಷ

ಮಗು ಇರುವ ಮಟ್ಟದಿಂದಲೇ ಶುರು ಮಾಡಿ, ತರಗತಿಯ ಮಟ್ಟದಿಂದ ಅಲ್ಲ. ಒಂದು ಚಿಕ್ಕ ಭಾಗವನ್ನು ಮೊದಲು ನೀವು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಕೊನೆಗೆ ಮಗು ಒಂದೇ. ಇದು ಹತ್ತು ನಿಮಿಷ. ಅದೇ ಭಾಗದ ಐದು ಪದಗಳ ಉಕ್ತಲೇಖನ ಐದು ನಿಮಿಷ, ಕಡ್ಡಿಯ ಲೆಕ್ಕ ಐದು ನಿಮಿಷ. ನಿಮಗೆ ಓದು ಬಾರದಿದ್ದರೆ ಅಣ್ಣನೋ ಅಕ್ಕನೋ ಪಕ್ಕದ ಮನೆಯ ಹೈಸ್ಕೂಲು ಹುಡುಗಿಯೋ ಓದಿಸಲಿ, ನೀವು ಪಕ್ಕದಲ್ಲಿ ಕೂತಿರಿ. ವಾರದಲ್ಲಿ ಐದು ದಿನ ಸಾಕು, ಆದರೆ ಹೊತ್ತು ತಪ್ಪಬಾರದು.

ಇದು ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಪ್ರತಿ ತಪ್ಪಿಗೂ ತಡೆದರೆ ಮಗು ಪುಟ ಬಿಟ್ಟು ನಿಮ್ಮ ಮುಖ ನೋಡುತ್ತಾ ಊಹಿಸಿ ಓದತೊಡಗುತ್ತದೆ. ಹಾಗಾಗಿ ವಾಕ್ಯ ಮುಗಿಯುವವರೆಗೆ ಸುಮ್ಮನಿರಿ. ಎರಡನೆಯದು, ಟ್ಯೂಷನ್‌ಗೆ ಹಾಕಿದೆವಲ್ಲ ಎಂದು ಕೈಬಿಡುವುದು. ಬಹುಪಾಲು ಟ್ಯೂಷನ್‌ಗಳಲ್ಲಿ ನಡೆಯುವುದು ಹೋಂವರ್ಕ್ ಮುಗಿಸುವ ಕೆಲಸ. ಒತ್ತಕ್ಷರ ಬಾರದ ಮಗುವಿಗೆ ಅಲ್ಲೂ ಒತ್ತಕ್ಷರ ಬರುವುದಿಲ್ಲ.

ಹಾಜರಿಯನ್ನೂ ಎಣಿಸಿ. ತಿಂಗಳಿಗೆ ಎರಡೇ ದಿನ ತಪ್ಪಿದರೂ ಹತ್ತು ತಿಂಗಳಿಗೆ 20 ದಿನ, ಅಂದರೆ ಹೆಚ್ಚೂಕಡಿಮೆ ಒಂದು ತಿಂಗಳ ಪಾಠ. ಮದುವೆ, ಜಾತ್ರೆ, ಕಳೆ ಕೀಳುವ ದಿನಗಳೆಲ್ಲ ಇದರಲ್ಲಿ ಸೇರಿಹೋಗುತ್ತವೆ. ಇದು ಶಾಲೆಯ ತಪ್ಪಲ್ಲ, ನಮ್ಮದು.

ಶಿಕ್ಷಕರ ಬಳಿ

ಗೇಟಿನ ಬಳಿ, ಮಕ್ಕಳ ಎದುರು ಮಾತು ಬೇಡ. ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕೇಳಿಕೊಂಡು ಹೋಗಿ. ಹಾಳೆ ತೋರಿಸಿ ಮೂರು ಪ್ರಶ್ನೆ ಕೇಳಿ: ತರಗತಿಯಲ್ಲೂ ಹೀಗೇ ಕಾಣುತ್ತಿದೆಯಾ? ಇದಕ್ಕೆ ಶಾಲೆಯಲ್ಲಿ ಯಾವಾಗ, ಏನು ಮಾಡಿಸುತ್ತೀರಿ? ಮನೆಯಲ್ಲಿ ನಾವೇನು ಮಾಡಬೇಕು? ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಬೇಕಾದವರಿಗೆ ಹೆಚ್ಚುವರಿ ಪಾಠ ಮಾಡುವುದು, ಪೋಷಕರ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯ. ಆದರೂ ಮೊದಲ ದಿನವೇ ಕಾಯ್ದೆ ಓದಬೇಡಿ. ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಿಕ್ಷಕಿಗೆ ನೀವು ಜೊತೆಯವರಾಗಿ ಕಾಣಬೇಕು.

ಆರು ವಾರ ಬಿಟ್ಟು ಹೊಸ ಪುಟದಿಂದ ಮತ್ತೆ ಓದಿಸಿ ನೋಡಿ. ಮನೆಯಲ್ಲೂ ಶಾಲೆಯಲ್ಲೂ ದಿನಾ ಅಭ್ಯಾಸ ನಡೆದು ಮಗು ಒಂದು ಮೆಟ್ಟಿಲೂ ಏರದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಅವು ಸರಿಯಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ ಕೇಳಿ. ಅಂಥ ಮಗುವನ್ನು ಸೋಮಾರಿ ಎಂದು ಕರೆದರೆ ವರ್ಷಗಳೇ ಕಳೆದುಹೋಗುತ್ತವೆ.

ತರಗತಿಗೆ ತರಗತಿಯೇ ಹಿಂದೆ ಇದ್ದರೆ

ಆಗ ಅದು ಒಬ್ಬರ ಮನೆಯ ವಿಷಯವಲ್ಲ, ಎಸ್‌ಡಿಎಂಸಿಗೆ, ಅಂದರೆ ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಹೋಗಬೇಕು. ಕರ್ನಾಟಕದಲ್ಲಿ 2001ರಿಂದ ಇರುವ ವ್ಯವಸ್ಥೆ ಇದು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಸಭೆಗಳಲ್ಲಿ ಕಾಂಪೌಂಡು, ಶೌಚಾಲಯ, ಬಣ್ಣದ ಮಾತೇ ಮುಗಿಯುವುದಿಲ್ಲ. ‘ಮಕ್ಕಳ ಓದು’ ಎಂಬ ಒಂದು ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಮುಖ್ಯ ಶಿಕ್ಷಕರಿಗೆ ಮುಂಚಿತವಾಗಿ ಬರೆದು ಕೊಡಿ. ನಾಲ್ಕೈದು ಪೋಷಕರು ಸೇರಿ ತಮ್ಮ ಹಾಳೆಗಳನ್ನು ಒಟ್ಟುಗೂಡಿಸಿ: ಕಥೆ ಓದುವವರು ಇಷ್ಟು, ವಾಕ್ಯದಲ್ಲಿ ನಿಂತವರು ಇಷ್ಟು, ಅಕ್ಷರದಲ್ಲೇ ಇರುವವರು ಇಷ್ಟು. ಸಂಖ್ಯೆ ಮಾತ್ರ ಸಾಕು, ಯಾವ ಮಗುವಿನ ಹೆಸರೂ ಸಭೆಯಲ್ಲಿ ಬರಬಾರದು.

ಕೇಳುವುದೂ ನಿಖರವಾಗಿರಲಿ. ದಿನದ ಒಂದು ಅವಧಿಯನ್ನು ಮಟ್ಟದ ಪ್ರಕಾರ ಗುಂಪು ಮಾಡಿ ಓದಿಗೆ ಮೀಸಲಿಡುವುದು, ಗ್ರಂಥಾಲಯದ ಬೀರುವಿನ ಬೀಗ ತೆಗೆದು ಪುಸ್ತಕ ಮನೆಗೆ ಕೊಡುವುದು, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೇಳುವುದು. ತೀರ್ಮಾನ ನಡವಳಿ ಪುಸ್ತಕದಲ್ಲಿ ದಿನಾಂಕ ಸಮೇತ ಬರೆಯಿಸಿಕೊಂಡೇ ಏಳಿ. ಮುಂದಿನ ಸಭೆಯವರೆಗೂ ಏನೂ ಆಗದಿದ್ದರೆ ನಡವಳಿಯ ಪ್ರತಿಯೊಂದಿಗೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ (ಸಮೂಹ ಸಂಪನ್ಮೂಲ ವ್ಯಕ್ತಿ), ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200, 6ರಿಂದ 8ಕ್ಕೆ 220 ಕೆಲಸದ ದಿನ ನಡೆಯಬೇಕೆಂದು ಕಾಯ್ದೆಯಲ್ಲೇ ಇದೆ. ಪಾಠ ನಡೆಯದ ದಿನಗಳ ಪಟ್ಟಿ ನಿಮ್ಮ ಬಳಿ ಇದ್ದರೆ ಅರ್ಜಿಗೆ ಲಗತ್ತಿಸಿ.

ಅನುದಾನರಹಿತ ಖಾಸಗಿ ಶಾಲೆಗೆ 21ನೇ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ಒಬ್ಬೊಬ್ಬರೇ ಹೋಗದೆ ತರಗತಿಯ ಹತ್ತು ಪೋಷಕರು ಸಹಿ ಹಾಕಿದ ಪತ್ರ ಕೊಡಿ. ಉತ್ತರ ಬರೆಹದಲ್ಲೇ ಬೇಕೆಂದು, ಇಂಥ ದಿನದೊಳಗೆ ಬೇಕೆಂದು ಪತ್ರದ ಕೊನೆಯಲ್ಲಿ ಬರೆಯಿರಿ.